ಸಾಹಿತ್ಯ ಸಂಘಗಳೂ ಹೊಸ ಮುಂದಾಳುಗಳೂ

ನವೆಂಬರ್ ತಿಂಗಳು ಬಂದಿತೆಂದರೆ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಈ ನಾಲ್ಕು ಊರುಗಳ ಸಭಾಮಂದಿರಗಳಲ್ಲಿ ಒಂದು ಮಾತು ತಪ್ಪದೆ ಕೇಳಿಬರುತ್ತದೆ. ವೇದಿಕೆಯ ಮೇಲಿರುವ ಹಿರಿಯರಲ್ಲೊಬ್ಬರು ಎದ್ದುನಿಂತು, ಎದುರಿನ ಖಾಲಿ ಕುರ್ಚಿಗಳ ಕಡೆಗೆ ಕೈತೋರಿ, "ಈಗಿನ ತರುಣರಿಗೆ ಸಾಹಿತ್ಯ ಬೇಡವಾಗಿದೆ; ಸಂಘದ ಕೆಲಸಕ್ಕೆ ಒಬ್ಬರೂ ಮುಂದೆ ಬರುವುದಿಲ್ಲ; ನಮ್ಮ ತರುವಾಯ ಇದನ್ನು ನಡೆಸುವವರು ಯಾರು?" ಎಂದು ವ್ಯಸನಪಡುತ್ತಾರೆ. ಸಭಿಕರು ತಲೆದೂಗುತ್ತಾರೆ. ವಂದನಾರ್ಪಣೆಯಾಗುತ್ತದೆ. ಮರುವರ್ಷ ಅದೇ ವೇದಿಕೆ, ಅದೇ ಹಿರಿಯರು, ಅದೇ ವ್ಯಸನ.

ಆ ವ್ಯಸನ ಪ್ರಾಮಾಣಿಕವಾದುದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅದರೊಳಗೆ ಅಡಗಿರುವ ಆರೋಪ ಮಾತ್ರ ನಿಜವಲ್ಲ. ತರುಣರು ಸಂಘಗಳಿಂದ ದೂರವಾಗಿದ್ದಾರೆಂಬುದು ದಿಟ. ಸಾಹಿತ್ಯದಿಂದ ದೂರವಾಗಿದ್ದಾರೆಂಬುದು ದಿಟವಲ್ಲ. ಈ ಎರಡು ಮಾತುಗಳನ್ನು ಒಂದೇ ಎಂದು ತಿಳಿದಿರುವುದೇ ಇಂದಿನ ತೊಂದರೆಗೆ ಮೂಲ. ತರುಣರು ಬರುವುದಿಲ್ಲವೆಂದು ಗೊಣಗುವುದಕ್ಕೆ ಮೊದಲು, ಬಂದವರಿಗೆ ಸಂಘವು ಏನು ಕೆಲಸ ಕೊಟ್ಟಿತು ಎಂಬುದನ್ನು ವಿಚಾರಿಸುವುದು ನ್ಯಾಯ.

ಸಾಮಾನ್ಯವಾಗಿ ನಡೆಯುವುದು ಹೀಗೆ. ಇಪ್ಪತ್ತೆರಡು ವರ್ಷದ ಹುಡುಗನೋ ಹುಡುಗಿಯೋ ಕವಿತೆಯೊಂದನ್ನು ಹಿಡಿದುಕೊಂಡು ಸಂಘದ ಬಾಗಿಲಿಗೆ ಬರುತ್ತಾರೆ. ಅವರನ್ನು ಆದರದಿಂದಲೇ ಬರಮಾಡಿಕೊಳ್ಳುತ್ತಾರೆ. ಆಮೇಲೆ ಹುಡುಗನಿಗೆ ಕುರ್ಚಿ ಹೊಂದಿಸುವ ಕೆಲಸ, ಹಾರ ತುರಾಯಿ ತರುವ ಕೆಲಸ, ಅತಿಥಿಗಳನ್ನು ಬಸ್ಸು ನಿಲ್ದಾಣದಿಂದ ಕರೆತರುವ ಕೆಲಸ. ಹುಡುಗಿಗೆ ಪ್ರಾರ್ಥನೆ ಹಾಡುವ ಕೆಲಸ, ದೀಪದ ತಟ್ಟೆ ಹಿಡಿಯುವ ಕೆಲಸ. ಕವಿಗೋಷ್ಠಿಯ ಕಡೆಯಲ್ಲಿ, ಕೇಳುವವರು ಊಟಕ್ಕೆ ಎದ್ದ ಮೇಲೆ, ಮೂರು ನಿಮಿಷದ ಕಾಲ ಓದುವ ಅವಕಾಶ. ಮುಂದಿನ ವರ್ಷ ಯಾವ ವಿದ್ವಾಂಸರನ್ನು ಕರೆಯಬೇಕು, ಸಂಘದ ಹಣವನ್ನು ಪುಸ್ತಕಕ್ಕೆ ಉಪಯೋಗಿಸಬೇಕೋ ಶಾಲು ಫಲಕಗಳಿಗೆ ಉಪಯೋಗಿಸಬೇಕೋ, ಪತ್ರಿಕೆಯಲ್ಲಿ ಯಾವ ಲೇಖನ ಅಚ್ಚಾಗಬೇಕು ಎಂಬ ಯಾವ ವಿಚಾರದಲ್ಲಿಯೂ ಅವರ ಮಾತನ್ನು ಕೇಳುವವರಿಲ್ಲ. ಲೆಕ್ಕದ ಪುಸ್ತಕವನ್ನು ಅವರು ಕಣ್ಣಿನಿಂದ ಕಂಡವರಲ್ಲ. ಹೀಗೆ ಎರಡು ವರ್ಷ ದುಡಿದು ಮೂರನೆಯ ವರ್ಷ ಅವರು ಬರುವುದನ್ನು ನಿಲ್ಲಿಸಿದರೆ, ಅದಕ್ಕೆ ನಿರಾಸಕ್ತಿ ಎಂದು ಹೆಸರಿಡುವುದು ಯಾವ ನ್ಯಾಯ? ಕೂಲಿಯಿಲ್ಲದ ಆಳಾಗಿ ಇರಲಾರೆನೆಂದು ಹೋದವನನ್ನು ಸೋಮಾರಿ ಎಂದು ಕರೆದಂತಾಯಿತು.

ಕನ್ನಡದ ಕೆಲಸ ಹಿಂದೆ ಹೀಗೆ ನಡೆದದ್ದಲ್ಲ. ೧೯೧೧ರಲ್ಲಿ ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘದಲ್ಲಿ ಕನ್ನಡವು ತಲೆಯೆತ್ತುವ ಬಗೆಯನ್ನು ಕುರಿತು ಬಿ.ಎಂ. ಶ್ರೀಕಂಠಯ್ಯನವರು ಉಪನ್ಯಾಸ ಮಾಡಿದಾಗ ಅವರ ವಯಸ್ಸು ಇಪ್ಪತ್ತೇಳು. ಒಂದು ನುಡಿಯ ಮುಂದಿನ ದಾರಿಯನ್ನು ಹೇಳುವುದಕ್ಕೆ ಇಪ್ಪತ್ತೇಳು ವರ್ಷದ ಅಧ್ಯಾಪಕನನ್ನು ಕರೆದು ಕೂರಿಸಿದ ಸಂಘವು ಅಂದಿಗೆ ಇಪ್ಪತ್ತೊಂದು ವರ್ಷದ್ದು, ೧೮೯೦ರಲ್ಲಿ ರಾ.ಹ. ದೇಶಪಾಂಡೆಯವರು ಸ್ಥಾಪಿಸಿದುದು. ೧೯೧೯ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘದಿಂದ 'ಪ್ರಬುದ್ಧ ಕರ್ನಾಟಕ'ವನ್ನು ಹೊರಡಿಸಿದ ಎ.ಆರ್. ಕೃಷ್ಣಶಾಸ್ತ್ರಿಗಳಿಗೆ ಇಪ್ಪತ್ತೊಂಬತ್ತು. ೧೯೪೯ರಲ್ಲಿ ಹೆಗ್ಗೋಡಿನಂಥ ಸಣ್ಣ ಹಳ್ಳಿಯಲ್ಲಿ ನೀನಾಸಮ್ ಹುಟ್ಟಿದಾಗ, ಮುಂದೆ ಅದಕ್ಕೆ ಜೀವವಾಗಿ ನಿಂತ ಕೆ.ವಿ. ಸುಬ್ಬಣ್ಣನವರು ಇನ್ನೂ ಹದಿನೇಳರ ಹುಡುಗ. ಇವರಲ್ಲಿ ಯಾರಿಗೂ "ಮೊದಲು ಅನುಭವ ಪಡೆದು ಬಾ" ಎಂದು ಬಾಗಿಲು ಮುಚ್ಚಿರಲಿಲ್ಲ.

ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠವನ್ನೇ ನೋಡಬಹುದು. ೧೯೨೮ರಲ್ಲಿ ಕಲಬುರ್ಗಿಯಲ್ಲಿ ಅಧ್ಯಕ್ಷರಾದ ಶ್ರೀಕಂಠಯ್ಯನವರಿಗೆ ನಲವತ್ತನಾಲ್ಕು. ೧೯೨೯ರಲ್ಲಿ ಬೆಳಗಾವಿಯಲ್ಲಿ ಅಧ್ಯಕ್ಷರಾದ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರಿಗೆ ಮೂವತ್ತೆಂಟು. ೧೯೩೨ರಲ್ಲಿ ಮಡಿಕೇರಿಯಲ್ಲಿ ಅಧ್ಯಕ್ಷರಾದ ಡಿ.ವಿ. ಗುಂಡಪ್ಪನವರಿಗೆ ನಲವತ್ತೈದು. ಕಡೆಯ ಇಬ್ಬರೂ ಅಂದಿನ ಕೋಲಾರ ಜಿಲ್ಲೆಯ ಮಣ್ಣಿನವರೇ. ಒಬ್ಬರು ಮಾಲೂರು ಸೀಮೆಯ ಮಾಸ್ತಿಯವರು, ಮತ್ತೊಬ್ಬರು ಮುಳಬಾಗಿಲಿನವರು. ಈಗಿನ ಲೆಕ್ಕವೇ ಬೇರೆ. ೨೦೨೩ರ ಹಾವೇರಿಯ ಸಮ್ಮೇಳನದ ಅಧ್ಯಕ್ಷರು ದೊಡ್ಡರಂಗೇಗೌಡರು, ಎಪ್ಪತ್ತಾರು ವರ್ಷದವರು. ೨೦೨೪ರ ಮಂಡ್ಯದ ಸಮ್ಮೇಳನದ ಅಧ್ಯಕ್ಷರು ಗೊ.ರು. ಚನ್ನಬಸಪ್ಪನವರು, ತೊಂಬತ್ತನಾಲ್ಕು ವರ್ಷದವರು. ಈ ಹಿರಿಯರ ಯೋಗ್ಯತೆಯನ್ನು ಪ್ರಶ್ನಿಸುವುದು ಇಲ್ಲಿಯ ಉದ್ದೇಶವಲ್ಲ. ಅವರು ಆ ಗೌರವಕ್ಕೆ ತಕ್ಕವರು. ಆದರೆ ಗೌರವವನ್ನು ಸಲ್ಲಿಸುವುದೂ ಕಾರ್ಯಭಾರವನ್ನು ವಹಿಸುವುದೂ ಬೇರೆಬೇರೆ ಎಂಬುದನ್ನು ಕನ್ನಡ ಸಮಾಜವು ಮರೆತಿದೆ. ಸಮ್ಮೇಳನದ ಪೀಠ ಗೌರವದ್ದು; ಮೂರು ದಿನದ್ದು. ಅಲ್ಲಿ ತೊಂಬತ್ತು ದಾಟಿದವರು ಕುಳಿತರೆ ಸಭೆಗೆ ಶೋಭೆ. ಸಂಘದ ಕಾರ್ಯದರ್ಶಿಯ ಮೇಜು ಕೆಲಸದ್ದು. ಅಲ್ಲಿ ಕುಳಿತವರು ಪತ್ರ ಬರೆಯಬೇಕು, ಅಲೆಯಬೇಕು, ಚಂದಾ ಎತ್ತಬೇಕು, ಲೆಕ್ಕವೊಪ್ಪಿಸಬೇಕು. ಗೌರವದ ಪೀಠಕ್ಕೆ ಅನ್ವಯಿಸುವ ನ್ಯಾಯವನ್ನೇ ಕೆಲಸದ ಮೇಜಿಗೂ ಅನ್ವಯಿಸಿದುದರಿಂದ ಈಗ ಎರಡೂ ಕೆಟ್ಟಿವೆ.

ಹಿಂದಿನವರು ಈ ಭೇದವನ್ನು ಬಲ್ಲವರಾಗಿದ್ದರು. ಕರ್ನಾಟಕ ಸಾಹಿತ್ಯ ಪರಿಷತ್ತು ೧೯೧೫ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದಾಗ ಮೈಸೂರಿನ ದಿವಾನರಾಗಿದ್ದವರು ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು. ಆ ಊರು ಚಿಕ್ಕಬಳ್ಳಾಪುರದಿಂದ ಕೂಗಳತೆಯ ದೂರದಲ್ಲಿದೆ. ಮೊದಲ ಅಧ್ಯಕ್ಷರು ಎಚ್.ವಿ. ನಂಜುಂಡಯ್ಯನವರು. ತರುವಾಯದ ವರ್ಷಗಳಲ್ಲಿ ಅಧ್ಯಕ್ಷಸ್ಥಾನವು ರಾಜ್ಯದ ಗಣ್ಯರಿಗೆ ಸಲ್ಲುವ ಗೌರವವಾಗಿ ಉಳಿದು, ಪರಿಷತ್ತಿನ ನಿಜವಾದ ಭಾರ ಉಪಾಧ್ಯಕ್ಷರ ಮೇಲೆ ಬಿದ್ದಿತು. ೧೯೩೩ರಿಂದ ಕೆಲವು ವರ್ಷ ಗುಂಡಪ್ಪನವರು, ೧೯೩೮ರಿಂದ ಶ್ರೀಕಂಠಯ್ಯನವರು, ೧೯೪೩ರಿಂದ ಮಾಸ್ತಿಯವರು ಆ ಸ್ಥಾನದಲ್ಲಿದ್ದು ದುಡಿದರು. ಒಬ್ಬರು ಐದಾರು ವರ್ಷದಲ್ಲಿ ಬಿಟ್ಟುಕೊಟ್ಟರು, ಮತ್ತೊಬ್ಬರು ವಹಿಸಿಕೊಂಡರು. ಬಿಟ್ಟವರು ಪರಿಷತ್ತಿನಿಂದ ದೂರವಾಗಲಿಲ್ಲ, ವಹಿಸಿಕೊಂಡವರು ಹಿಂದಿನವರನ್ನು ಹಳಿಯಲಿಲ್ಲ. ಶ್ರೀಕೃಷ್ಣರಾಜ ಪರಿಷನ್ಮಂದಿರ, 'ಕನ್ನಡ ನುಡಿ' ಮುಂತಾದ ಫಲಗಳು ಕಾಣಿಸಿಕೊಂಡದ್ದು ೧೯೩೩ರಿಂದ ೧೯೩೮ರವರೆಗಿನ ಆ ಕಾಲದಲ್ಲಿಯೇ. ಹಿರಿಯರ ಹೆಸರೂ ನಡುವಯಸ್ಸಿನವರ ದುಡಿಮೆಯೂ ಕೂಡಿದ್ದುದರಿಂದ ಹಾಗಾಯಿತು.

ಇಂದು ಪರಿಷತ್ತು ಮೂರು ಲಕ್ಷಕ್ಕೆ ಮೇಲ್ಪಟ್ಟ ಸದಸ್ಯರ ಸಂಸ್ಥೆ. ಅಷ್ಟು ದೊಡ್ಡದಾದಾಗ ಅಧಿಕಾರವು ಕೈಯಿಂದ ಕೈಗೆ ಸುಲಭವಾಗಿ ಸಾಗುವಂತೆ ನಿಬಂಧನೆಗಳನ್ನು ರಚಿಸಬೇಕಾಗಿದ್ದಿತು. ಆದದ್ದು ಅದಕ್ಕೆ ವಿರುದ್ಧ. ಬಹುಕಾಲ ಮೂರು ವರ್ಷವಿದ್ದ ಅಧಿಕಾರಾವಧಿಯನ್ನು ಐದು ವರ್ಷಕ್ಕೆ ಏರಿಸಲಾಯಿತು. ೨೦೨೧ರ ನವೆಂಬರಿನಲ್ಲಿ ನಡೆದ ಚುನಾವಣೆ ಆ ಐದು ವರ್ಷಕ್ಕಾಗಿಯೇ ನಡೆಯಿತು. ಜಿಲ್ಲೆಯ ಅಧ್ಯಕ್ಷರು ಮತದಿಂದ ಬರುತ್ತಾರೆ. ತಾಲ್ಲೂಕಿನ ಅಧ್ಯಕ್ಷರನ್ನು ಜಿಲ್ಲೆಯ ಅಧ್ಯಕ್ಷರು ನೇಮಿಸುತ್ತಾರೆ. ಇದರ ಪರಿಣಾಮವನ್ನು ಶಿಡ್ಲಘಟ್ಟದ ಒಬ್ಬ ತರುಣ ಉಪಾಧ್ಯಾಯನ ಕಡೆಯಿಂದ ನೋಡಬೇಕು. ಇಪ್ಪತ್ತೈದನೆಯ ವಯಸ್ಸಿನಲ್ಲಿ ಅವನು ಆಜೀವ ಸದಸ್ಯನಾದನೆಂದು ಇಟ್ಟುಕೊಳ್ಳೋಣ. ತನ್ನ ತಾಲ್ಲೂಕಿನ ಸಂಘದಲ್ಲಿ ಅವನು ಯಾವ ಸ್ಥಾನಕ್ಕೂ ತಾನಾಗಿ ನಿಲ್ಲುವಂತಿಲ್ಲ, ಯಾರಾದರೂ ನೇಮಿಸಬೇಕು. ನೇಮಿಸುವವರ ಬಳಗದಲ್ಲಿ ಅವನಿಲ್ಲದಿದ್ದರೆ ಐದು ವರ್ಷ ಕಾಯಬೇಕು. ಮತ್ತೊಮ್ಮೆ ಅದೇ ಬಳಗ ಗೆದ್ದರೆ ಹತ್ತು ವರ್ಷ. ಅಷ್ಟು ಹೊತ್ತಿಗೆ ಅವನಿಗೆ ಮೂವತ್ತೈದು. ಸಂಸಾರ, ಮಕ್ಕಳ ಓದು, ಸಾಲ. ಸಾಹಿತ್ಯದ ಸೇವೆಗೆ ಮನುಷ್ಯನಿಗೆ ಉತ್ಸಾಹವೂ ಬಿಡುವೂ ಒಟ್ಟಿಗೆ ಇರುವ ಹತ್ತು ವರ್ಷಗಳನ್ನು ಸಂಸ್ಥೆಯೇ ಕೈಯಾರೆ ನೀರಿನಲ್ಲಿ ಹೋಮಮಾಡಿದಂತಾಯಿತು.

ಹೆಣ್ಣುಮಕ್ಕಳ ವಿಚಾರದಲ್ಲಿ ಈ ನಷ್ಟ ಇನ್ನೂ ದೊಡ್ಡದು. ೧೯೧೫ರಿಂದ ಮೊದಲುಗೊಂಡು ೨೦೨೧ರ ಚುನಾವಣೆಯವರೆಗೂ ಪರಿಷತ್ತಿನ ಅಧ್ಯಕ್ಷಸ್ಥಾನಕ್ಕೆ ಒಬ್ಬ ಮಹಿಳೆಯೂ ಬರಲಿಲ್ಲ. ಮಂಡ್ಯದಲ್ಲಿ ನಡೆದ ಎಂಬತ್ತೇಳನೆಯ ಸಮ್ಮೇಳನದವರೆಗೆ ಸಮ್ಮೇಳನಾಧ್ಯಕ್ಷರಾದ ಮಹಿಳೆಯರು ನಾಲ್ವರೇ: ೧೯೭೪ರಲ್ಲಿ ಜಯದೇವಿತಾಯಿ ಲಿಗಾಡೆ, ೨೦೦೦ದಲ್ಲಿ ಶಾಂತಾದೇವಿ ಮಾಳವಾಡ, ೨೦೦೩ರಲ್ಲಿ ಕಮಲಾ ಹಂಪನಾ, ೨೦೧೦ರಲ್ಲಿ ಗೀತಾ ನಾಗಭೂಷಣ. ಈ ಜಿಲ್ಲೆಯ ಶಾಲೆಗಳಲ್ಲಿಯೂ ಕಾಲೇಜುಗಳಲ್ಲಿಯೂ ಕನ್ನಡ ಪಾಠ ಹೇಳುವವರಲ್ಲಿ ಹೆಂಗಸರು ಎಷ್ಟು ಮಂದಿ ಇದ್ದಾರೆಂಬುದು ಪ್ರತಿಯೊಂದು ಮನೆಗೂ ತಿಳಿದ ಸಂಗತಿ. ಮಕ್ಕಳಿಗೆ ನುಡಿಯನ್ನು ಕಲಿಸಲು ಯೋಗ್ಯರಾದವರು ಆ ನುಡಿಯ ಸಂಘವನ್ನು ನಡೆಸಲು ಯೋಗ್ಯರಲ್ಲವೆಂಬ ತರ್ಕ ಎಲ್ಲಿಂದ ಬಂದಿತು? ತರ್ಕವಿಲ್ಲ, ಅಭ್ಯಾಸವಿದೆ ಅಷ್ಟೆ. ಸಭೆಗಳನ್ನು ಸಂಜೆ ಏಳು ಗಂಟೆಗೆ ಕರೆದು, ಒಂಬತ್ತಕ್ಕೆ ಮೊದಲುಮಾಡಿ, "ಹೆಂಗಸರು ಬರುವುದಿಲ್ಲ" ಎಂದು ಬರೆದುಕೊಳ್ಳುವ ಅಭ್ಯಾಸ.

ಒಬ್ಬರೇ ದೀರ್ಘಕಾಲ ನಡೆಸಿದ ಸಂಸ್ಥೆಗಳು ಚೆನ್ನಾಗಿಯೇ ನಡೆದಿವೆಯಲ್ಲ ಎಂದು ಕೆಲವರು ಕೇಳಬಹುದು. ಧಾರವಾಡದ ವಿದ್ಯಾವರ್ಧಕ ಸಂಘಕ್ಕೆ ಪಾಟೀಲ ಪುಟ್ಟಪ್ಪನವರು ೨೦೨೦ರಲ್ಲಿ ತೀರಿಕೊಳ್ಳುವವರೆಗೆ ಹಲವು ದಶಕಗಳ ಕಾಲ ಅಧ್ಯಕ್ಷರಾಗಿದ್ದರು. ಅವರ ಕನ್ನಡನಿಷ್ಠೆ, ಅವರ ಪತ್ರಿಕೋದ್ಯೋಗ, ಗೋಕಾಕ್ ಚಳವಳಿಯ ಕಾಲದಲ್ಲಿ ಅವರು ತೋರಿದ ಧೈರ್ಯ, ಇವು ಲೋಕವಿದಿತ. ಆದರೆ ಅಂಥ ಮಹಾವ್ಯಕ್ತಿಯ ಉದಾಹರಣೆಯನ್ನು ಪ್ರತಿಯೊಂದು ತಾಲ್ಲೂಕಿನ ಸಂಘವೂ ತನ್ನ ಅಧ್ಯಕ್ಷರಿಗೆ ಹೊದಿಸಲು ಬರುವುದಿಲ್ಲ. ಅಲ್ಲದೆ, ವ್ಯಕ್ತಿ ಎಷ್ಟು ದೊಡ್ಡವರಾದರೆ ಪ್ರಶ್ನೆಯೂ ಅಷ್ಟೇ ದೊಡ್ಡದಾಗುತ್ತದೆ: ಅಷ್ಟು ಕಾಲದಲ್ಲಿ ಬಂದುಹೋದ ಎರಡು ತಲೆಮಾರಿನವರಿಗೆ ಅಂಥ ಸಂಸ್ಥೆಯನ್ನು ನಡೆಸುವ ಅಭ್ಯಾಸ ಎಲ್ಲಿ ದೊರಕಬೇಕು? ದೊಡ್ಡ ಮರದ ನೆರಳು ದಾರಿಹೋಕನಿಗೆ ಸುಖ. ಅದರ ಬುಡದಲ್ಲಿ ಬಿದ್ದ ಬೀಜಕ್ಕೆ ಅಲ್ಲ.

ಹಿರಿಯರು ಜಾಗ ಕೊಟ್ಟರೆ ಏನಾಗುತ್ತದೆಂಬುದಕ್ಕೆ ದೂರದ ಉದಾಹರಣೆ ಬೇಕಾಗಿಲ್ಲ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ೧೯೨೦ರಲ್ಲಿ ಬಡ ಕುಟುಂಬದಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು, ತಮ್ಮ ಗುರುಗಳೊಬ್ಬರ ಕರೆಯನ್ನು ನಂಬಿ ಕಾಲ್ನಡಿಗೆಯಲ್ಲಿ ಬೆಂಗಳೂರಿಗೆ ಹೋಗಿ ನ್ಯಾಷನಲ್ ಹೈಸ್ಕೂಲು ಸೇರಿದರು. ೧೯೩೬ರಲ್ಲಿ ಗಾಂಧೀಜಿಯವರು ಆ ಶಾಲೆಗೆ ಬಂದಾಗ ಅವರ ಹಿಂದಿ ಭಾಷಣವನ್ನು ಕನ್ನಡಕ್ಕೆ ತಿರುಗಿಸಿ ಹೇಳಿದವರು ಈ ವಿದ್ಯಾರ್ಥಿಯೇ. ಆ ಹೊತ್ತಿನಲ್ಲಿ ಶಾಲೆಯ ಹಿರಿಯರಿಗೆ ಬೇರೆ ದಾರಿ ಇರಲಿಲ್ಲವೆ? ವಿದ್ವಾಂಸರೊಬ್ಬರನ್ನು ನಿಲ್ಲಿಸಬಹುದಾಗಿದ್ದಿತು, ತಾವೇ ನಿಲ್ಲಬಹುದಾಗಿದ್ದಿತು. ಅವರು ಹಳ್ಳಿಯ ಹುಡುಗನನ್ನು ನಿಲ್ಲಿಸಿದರು. ಆ ಹುಡುಗ ಮುಂದೆ ನ್ಯಾಷನಲ್ ಕಾಲೇಜಿನ ಪ್ರಾಂಶುಪಾಲರಾದರು, ೧೯೭೨ರಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾದರು, ಗೌರಿಬಿದನೂರಿನಲ್ಲಿಯೂ ಬಾಗೇಪಲ್ಲಿಯಲ್ಲಿಯೂ ಕಾಲೇಜುಗಳು ಏಳುವಂತೆ ಮಾಡಿದರು. ೧೯೬೨ರಲ್ಲಿ ಅವರು ಆರಂಭಿಸಿದ ಬೆಂಗಳೂರು ಸೈನ್ಸ್ ಫೋರಂ, ೨೦೦೫ರಲ್ಲಿ ಅವರು ತೀರಿಕೊಂಡ ಮೇಲೆಯೂ ನಿಲ್ಲಲಿಲ್ಲ. ಸ್ಥಾಪಕರ ಉಸಿರಿನೊಡನೆ ನಿಂತುಹೋಗದಿರುವುದೇ ಸಂಸ್ಥೆಯ ಲಕ್ಷಣ. ಉಳಿದುದು ಸಂಸ್ಥೆಯಲ್ಲ, ಒಬ್ಬರ ಹವ್ಯಾಸ.

ಈ ಸೀಮೆಯ ಸಂಘಗಳಿಗೆ ಬೇರೆ ಕಡೆಗಳಲ್ಲಿ ಇಲ್ಲದ ಎರಡು ತೊಡಕುಗಳಿವೆಯೆಂಬುದನ್ನು ಒಪ್ಪಿಕೊಳ್ಳಬೇಕು. ಒಂದು, ಬೆಂಗಳೂರಿನ ಸಾಮೀಪ್ಯ. ಬೆಳಗಿನ ರೈಲಿಗೋ ಬಸ್ಸಿಗೋ ಹೋಗಿ ರಾತ್ರಿ ಹಿಂದಿರುಗುವ ತರುಣರಿಗೆ ಊರಿನ ಸಂಘದ ನಂಟು ಕಡಿಮೆ. ಮತ್ತೊಂದು, ಮನೆಮಾತು. ಗಡಿಗೆ ಹೊಂದಿಕೊಂಡ ಈ ಜಿಲ್ಲೆಯಲ್ಲಿ ಎಷ್ಟೋ ಮನೆಗಳಲ್ಲಿ ತೆಲುಗು ಆಡುನುಡಿ, ಕನ್ನಡ ಓದುನುಡಿ. ಚಿಂತಾಮಣಿ, ಶಿಡ್ಲಘಟ್ಟಗಳಲ್ಲಿ ಉರ್ದು ಮನೆಮಾತಿನವರೂ ಬಹುಮಂದಿ. ಈ ಎರಡನ್ನೂ ಸಂಘದವರು ತಮ್ಮ ನಿಷ್ಕ್ರಿಯತೆಗೆ ಕಾರಣವಾಗಿ ಹೇಳುತ್ತಾರೆ. ವಾಸ್ತವವಾಗಿ ಇವು ಹೊಸಬರನ್ನು ತರುವುದಕ್ಕೆ ಕಾರಣವಾಗಬೇಕು. ಕೈವಾರದ ನಾರಾಯಣಪ್ಪನವರು ತೆಲುಗಿನಲ್ಲಿಯೂ ಕನ್ನಡದಲ್ಲಿಯೂ ಹಾಡಿದರು. ಅವರನ್ನು ತಾತಯ್ಯನವರೆಂದು ಪೂಜಿಸುವ ಜನ ಎರಡು ನುಡಿಗಳಿಗೂ ಸೇರಿದವರು. ಅಂಥ ಸೀಮೆಯಲ್ಲಿ ಮನೆಯಲ್ಲಿ ತೆಲುಗು, ಉರ್ದು ಆಡಿ ಕನ್ನಡದಲ್ಲಿ ಬರೆಯುವ ತರುಣನು ಅರೆಗನ್ನಡಿಗನಲ್ಲ. ಅನುವಾದದ ಕೆಲಸಕ್ಕೆ ಅವನಿಗಿಂತ ಅರ್ಹರಾದವರು ಬೆಂಗಳೂರಿನಲ್ಲಿಯೂ ದೊರೆಯರು. ಅವನಿಗೆ ಸಂಘದಲ್ಲಿ ಒಂದು ಅನುವಾದ ಶಾಖೆಯನ್ನು ವಹಿಸಿಕೊಟ್ಟರೆ ಅದು ಈ ಜಿಲ್ಲೆ ಕನ್ನಡಕ್ಕೆ ಸಲ್ಲಿಸುವ ವಿಶೇಷ ಕಾಣಿಕೆಯಾದೀತು. ಊರು ಬಿಟ್ಟು ಹೋಗುವವರ ವಿಚಾರದಲ್ಲಿಯೂ ಅಷ್ಟೇ: ಊರಿನಲ್ಲಿ ಒಂದು ಹೊಣೆ ಇದ್ದವನು ಭಾನುವಾರ ಊರಿಗೆ ಬರುತ್ತಾನೆ, ಹೊಣೆಯಿಲ್ಲದವನು ಹಬ್ಬಕ್ಕೂ ಬರುವುದಿಲ್ಲ.

ಇನ್ನು ಆಕ್ಷೇಪಣೆಗಳು. ಮೊದಲನೆಯದು ಅನುಭವದ್ದು: "ಹುಡುಗರಿಗೆ ಏನು ತಿಳಿಯುತ್ತದೆ?" ನೀರಿಗಿಳಿಯದವನಿಗೆ ಈಜು ಬಾರದೆಂಬುದೂ, ಈಜು ಬಾರದವನನ್ನು ನೀರಿಗಿಳಿಸಬಾರದೆಂಬುದೂ ಒಟ್ಟಿಗೆ ಸೇರಿದರೆ ಲೋಕದಲ್ಲಿ ಯಾರೂ ಈಜು ಕಲಿಯುವಂತಿಲ್ಲ. ಎರಡನೆಯದು ಹಣದ್ದು: "ಲೆಕ್ಕ ಕೆಟ್ಟರೆ ಯಾರು ಹೊಣೆ?" ಲೆಕ್ಕವು ಒಬ್ಬರ ಕೈಯಲ್ಲಿ ಇಪ್ಪತ್ತು ವರ್ಷ ಇದ್ದಾಗ ಕೆಡುವ ಸಂಭವ ಹೆಚ್ಚೋ, ನಾಲ್ವರ ಕಣ್ಣೆದುರಿಗೆ ತೆರೆದಿಟ್ಟಾಗ ಹೆಚ್ಚೋ ಎಂಬುದನ್ನು ಯಾವ ವರ್ತಕನನ್ನು ಕೇಳಿದರೂ ಹೇಳಿಯಾನು. ಕರ್ನಾಟಕದ ಸಂಘಗಳ ನೋಂದಣಿ ಶಾಸನ ೧೯೬೦ರದು. ಅದರಂತೆ ನೋಂದಾಯಿತ ಸಂಘವು ಪ್ರತಿವರ್ಷ ಮಹಾಸಭೆ ನಡೆಸಿ, ಲೆಕ್ಕಪತ್ರಗಳನ್ನೂ ಆಡಳಿತ ಮಂಡಲಿಯ ಪಟ್ಟಿಯನ್ನೂ ನೋಂದಣಾಧಿಕಾರಿಗಳಿಗೆ ಸಲ್ಲಿಸಬೇಕು. ಆ ನಿಯಮವನ್ನು ಶ್ರದ್ಧೆಯಿಂದ ನಡೆಸಿದರೆ ತರುಣರ ಕೈಯಲ್ಲಿ ಹಣ ಹಾಳಾಗುವ ಭಯಕ್ಕೆ ಎಡೆಯಿಲ್ಲ; ನಡೆಸದಿದ್ದರೆ ಮುದುಕರ ಕೈಯಲ್ಲಿಯೂ ಅದು ಕ್ಷೇಮವಲ್ಲ.

ಮೂರನೆಯ ಆಕ್ಷೇಪಣೆ ಎಲ್ಲಕ್ಕಿಂತ ಗಟ್ಟಿಯಾದುದು: "ಬಾಗಿಲು ತೆರೆದರೆ ರಾಜಕೀಯ ಪಕ್ಷದವರೂ ಜಾತಿಯ ಗುಂಪಿನವರೂ ನುಗ್ಗುತ್ತಾರೆ." ಈ ಭಯ ನಿರಾಧಾರವಲ್ಲ. ಆದರೆ ಅವರು ನುಗ್ಗುವುದು ಯಾವಾಗ? ಹಿರಿಯ ಅಧ್ಯಕ್ಷರು ಕಣ್ಮುಚ್ಚಿದಾಗ, ಸಂಘದಲ್ಲಿ ಪಳಗಿದ ಎರಡನೆಯವರು ಯಾರೂ ಇಲ್ಲದಾಗ. ಖಾಲಿಯಾದ ಕುರ್ಚಿಗೆ ಹಣವಿದ್ದವನೋ ಬಲವಿದ್ದವನೋ ಬಂದು ಕೂರುತ್ತಾನೆ. ಹತ್ತು ಮಂದಿ ತರುಣರು ಸಂಘದ ಉದ್ದೇಶವನ್ನು ಅರಿತು, ಅದರ ನಿಬಂಧನೆಗಳನ್ನು ಬಾಯಿಪಾಠ ಮಾಡಿಕೊಂಡು, ಕೆಲಸದಲ್ಲಿ ನುರಿತು ಸಿದ್ಧರಾಗಿದ್ದರೆ ಹೊರಗಿನವರಿಗೆ ಎಡೆ ಸಿಕ್ಕುವುದಿಲ್ಲ. ಆದುದರಿಂದ ಪಕ್ಷಗಳ ಭಯವಿರುವವರೇ ಎಲ್ಲರಿಗಿಂತ ಮೊದಲು ಹೊಸಬರನ್ನು ತಯಾರಿಸಬೇಕು.

ತಯಾರಿಸುವುದೆಂದರೆ ಒಂದು ದಿನ ಕರೆದು ಕುರ್ಚಿಯ ಮೇಲೆ ಕೂರಿಸಿ ಹಾರ ಹಾಕುವುದಲ್ಲ. ಗೋಪಾಲಕೃಷ್ಣ ಗೋಖಲೆಯವರು ೧೯೦೫ರಲ್ಲಿ ಪುಣೆಯಲ್ಲಿ ಭಾರತ ಸೇವಕ ಸಮಾಜವನ್ನು ಸ್ಥಾಪಿಸಿದಾಗ, ಸೇರುವವರು ಐದು ವರ್ಷ ಅಭ್ಯಾಸ ಮಾಡಬೇಕೆಂದು ವಿಧಿಸಿದರು. ೧೯೧೫ರಲ್ಲಿ ಗೋಖಲೆಯವರು ತೀರಿಕೊಂಡರು. ಸಮಾಜ ಶ್ರೀನಿವಾಸ ಶಾಸ್ತ್ರಿಗಳ ಕೈಯಲ್ಲಿ ನಡೆಯಿತು. ಅವರನ್ನು ಗುರುವಾಗಿ ಕಂಡ ಗುಂಡಪ್ಪನವರು ೧೯೪೫ರಲ್ಲಿ ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಕಟ್ಟಿ ತರುಣರಿಗೆ ಪಾಠ ಹೇಳಿದರು. ಹೆಗ್ಗೋಡಿನವರು ೧೯೮೦ರಲ್ಲಿ ರಂಗಶಿಕ್ಷಣ ಕೇಂದ್ರವನ್ನೂ ೧೯೮೫ರಲ್ಲಿ ತಿರುಗಾಟವನ್ನೂ ಆರಂಭಿಸಿ, ಕಲಿತವರಿಗೆ ಕೂಡಲೆ ಕೆಲಸದಲ್ಲಿ ಪಳಗುವ ಎಡೆಯನ್ನೊದಗಿಸಿದರು. ೨೦೦೫ರಲ್ಲಿ ಸುಬ್ಬಣ್ಣನವರು ಹೋದ ಮೇಲೆಯೂ ಅಲ್ಲಿ ದೀಪವಾರಲಿಲ್ಲ. ಈ ಸಂಸ್ಥೆಗಳ ಉದ್ದೇಶಗಳು ಬೇರೆಬೇರೆ, ಉಪಾಯ ಒಂದೇ. ಮುಂದಾಳುತನ ಹುಟ್ಟಿನಿಂದ ಬರುವ ಗುಣವೆಂದು ಅವರು ತಿಳಿಯಲಿಲ್ಲ; ಕಲಿಸಬೇಕಾದ ವಿದ್ಯೆಯೆಂದು ತಿಳಿದರು.

ಶಿಡ್ಲಘಟ್ಟದ ರೈತನಿಗೆ ಈ ಉಪಾಯವನ್ನು ಹೇಳಿಕೊಡಬೇಕಾದುದಿಲ್ಲ. ಚಾಕಿಯ ಹುಳುವಿಗೆ ಅವನು ಎಳೆಯ ಸೊಪ್ಪನ್ನೇ ಸಣ್ಣಗೆ ಹೆಚ್ಚಿ ಹಾಕುತ್ತಾನೆ. ಎರಡನೆಯ ಜ್ವರ ಕಳೆದ ಮೇಲೆ ಬಲಿತ ಸೊಪ್ಪು. ನಾಲ್ಕನೆಯದು ಕಳೆದ ಮೇಲೆ ಹೊತ್ತುಹೊತ್ತಿಗೆ ಹೊರೆಗಟ್ಟಲೆ. ಹುಳು ಹಣ್ಣಾದ ಕೂಡಲೆ ಚಂದ್ರಿಕೆಗೆ ಬಿಡುತ್ತಾನೆ. "ಇನ್ನೂ ಸ್ವಲ್ಪ ಅನುಭವವಾಗಲಿ" ಎಂದು ತಟ್ಟೆಯಲ್ಲಿಯೇ ಇಟ್ಟುಕೊಂಡರೆ ಅದು ಸಿಕ್ಕಿದ ಕಡೆ ನೂಲನ್ನು ಚೆಲ್ಲಿ ಮುಗಿಸುತ್ತದೆ, ಗೂಡಾಗುವುದಿಲ್ಲ. ಹೊತ್ತಿಗೆ ತಕ್ಕ ಆಹಾರ, ಹೊತ್ತಿಗೆ ತಕ್ಕ ಜಾಗ, ಇಷ್ಟೇ ಗುಟ್ಟು. ಸಂಘಗಳು ಮೊದಲನೆಯದನ್ನೂ ಕೊಡುತ್ತಿಲ್ಲ, ಎರಡನೆಯದನ್ನೂ ಬಿಡುತ್ತಿಲ್ಲ.

ಆಕ್ಷೇಪಿಸಿದವರು ಪರಿಹಾರವನ್ನೂ ಹೇಳಬೇಕು. ಈ ನಾಲ್ಕು ಊರುಗಳ ಸಾಹಿತ್ಯ ಸಂಘಗಳು ಹೊಸ ಹಣವಿಲ್ಲದೆ, ಹೊಸ ಕಟ್ಟಡವಿಲ್ಲದೆ, ಮುಂದಿನ ಮಹಾಸಭೆಯಲ್ಲಿಯೇ ಮಾಡಬಹುದಾದ ಕೆಲಸಗಳು ಇವು. ಮೊದಲನೆಯದಾಗಿ, ಅಧ್ಯಕ್ಷ, ಕಾರ್ಯದರ್ಶಿ, ಕೋಶಾಧಿಕಾರಿ ಈ ಮೂರು ಸ್ಥಾನಗಳಲ್ಲಿ ಯಾರೂ ಮೂರು ವರ್ಷದ ಎರಡು ಅವಧಿಗಳನ್ನು ಮೀರಿ ಇರಕೂಡದೆಂದು ನಿಬಂಧನೆಯಲ್ಲಿ ಸೇರಿಸುವುದು. ಎರಡನೆಯದಾಗಿ, ಪ್ರತಿಯೊಂದು ಸ್ಥಾನಕ್ಕೂ ಮೂವತ್ತೈದು ವರ್ಷದೊಳಗಿನ ಒಬ್ಬ ಸಹಾಯಕನನ್ನೋ ಸಹಾಯಕಿಯನ್ನೋ ನೇಮಿಸಿ, ಪತ್ರವ್ಯವಹಾರದ ಕಡತವನ್ನೂ ನಡವಳಿಯ ಪುಸ್ತಕವನ್ನೂ ಲೆಕ್ಕದ ಪುಸ್ತಕವನ್ನೂ ಅವರ ಕೈಯಿಂದಲೇ ಬರೆಯಿಸುವುದು. ಹಿರಿಯರು ನೋಡಿ ರುಜು ಹಾಕಿದರೆ ಸಾಕು. ಮೂರನೆಯದಾಗಿ, ವರ್ಷದ ಕಾರ್ಯಕ್ರಮಗಳಲ್ಲಿ ಮೂರರಲ್ಲೊಂದು ಭಾಗವನ್ನು ಸಂಪೂರ್ಣವಾಗಿ ಅವರಿಗೆ ಬಿಟ್ಟುಕೊಡುವುದು. ವಿಷಯ ಅವರದು, ಅತಿಥಿ ಅವರು ಆರಿಸಿದವರು, ಖರ್ಚಿನ ಮಿತಿಯೊಂದು ಮಾತ್ರ ಸಂಘದ್ದು. ಕಾರ್ಯಕ್ರಮ ಕೆಟ್ಟರೆ ಕೆಡಲಿ, ಕೆಟ್ಟುದೇಕೆಂದು ಮುಂದಿನ ಸಭೆಯಲ್ಲಿ ವಿಚಾರಿಸಲಿ, ಅದೂ ಪಾಠವೇ. ನಾಲ್ಕನೆಯದಾಗಿ, ಆಡಳಿತ ಮಂಡಲಿಯಲ್ಲಿ ಮೂರನೆಯ ಒಂದು ಪಾಲಿಗಾದರೂ ಕಡಮೆಯಿಲ್ಲದಂತೆ ಮಹಿಳೆಯರಿರಬೇಕು. ಸಭೆಗಳು ಹಗಲಿನಲ್ಲಿ, ಹೇಳಿದ ಹೊತ್ತಿಗೆ ನಡೆಯಬೇಕು. ಐದನೆಯದಾಗಿ, ತಾಲ್ಲೂಕಿನ ಮುಖ್ಯಸ್ಥರನ್ನು ಆ ತಾಲ್ಲೂಕಿನ ಸದಸ್ಯರೇ ಆರಿಸಬೇಕೆಂದೂ ಅವಧಿ ಮತ್ತೆ ಮೂರು ವರ್ಷಕ್ಕೆ ಇಳಿಯಬೇಕೆಂದೂ ಈ ಜಿಲ್ಲೆಯ ಸದಸ್ಯರು ಪರಿಷತ್ತಿನ ಸರ್ವಸದಸ್ಯರ ಸಭೆಯ ಮುಂದೆ ನಿರ್ಣಯವನ್ನು ತರಬೇಕು.

ಸ್ಥಾನವನ್ನು ಬಿಟ್ಟ ಹಿರಿಯರು ಎಲ್ಲಿಗೆ ಹೋಗಬೇಕು? ಎಲ್ಲಿಗೂ ಹೋಗಬೇಕಾಗಿಲ್ಲ. ಅವರಿಂದ ಮಾತ್ರವೇ ಆಗಬಹುದಾದ ಕೆಲಸ ರಾಶಿಯಾಗಿ ಬಿದ್ದಿದೆ. ಊರಿನ ಹಳೆಯ ಶಾಸನಗಳನ್ನು ಓದಬಲ್ಲವರು ಅವರು; ಹಳಗನ್ನಡ ಕಾವ್ಯವನ್ನು ಅರ್ಥಮಾಡಿ ಹೇಳಬಲ್ಲವರು ಅವರು; ಐವತ್ತು ವರ್ಷದ ಹಿಂದೆ ಯಾವ ಮನೆಯಲ್ಲಿ ಯಾವ ಓಲೆಗರಿ ಇದ್ದಿತೆಂದು ನೆನಪಿರುವುದು ಅವರಿಗೆ. ವಾರಕ್ಕೊಂದು ದಿನ ಅವರು ಹತ್ತು ಮಂದಿ ತರುಣರನ್ನು ಕೂರಿಸಿಕೊಂಡು ಒಂದು ಕಾವ್ಯವನ್ನು ಆದಿಯಿಂದ ಅಂತ್ಯದವರೆಗೆ ಓದಿಸಿದರೆ, ಹತ್ತು ವರ್ಷದ ಅಧ್ಯಕ್ಷತೆಯಿಂದ ಆಗದ ಉಪಕಾರ ಆಗುತ್ತದೆ. ವಿಶ್ವೇಶ್ವರಯ್ಯನವರು ದಿವಾನಗಿರಿಯನ್ನು ಬಿಟ್ಟದ್ದು ೧೯೧೮ರಲ್ಲಿ, ತೀರಿಕೊಂಡದ್ದು ೧೯೬೨ರಲ್ಲಿ. ನಡುವಿನ ನಲವತ್ತನಾಲ್ಕು ವರ್ಷ ಅವರನ್ನು ಯಾರೂ ಮರೆಯಲಿಲ್ಲ. ಅವರೂ ಕೈಕಟ್ಟಿ ಕೂರಲಿಲ್ಲ. ಪದವಿಯೊಂದಿಗೆ ಹೋಗುವ ಗೌರವ ಪದವಿಯದೇ ಹೊರತು ಮನುಷ್ಯನದಲ್ಲ.

ತರುಣರಿಗೂ ಒಂದು ಮಾತು ಸಲ್ಲುತ್ತದೆ. ಜಾಗ ಕೊಡಲಿಲ್ಲವೆಂದು ಮನೆಯಲ್ಲಿ ಕುಳಿತು ಹಿರಿಯರನ್ನು ಹಾಸ್ಯಮಾಡುವುದು ಸುಲಭ. ಮಹಾಸಭೆಯ ತಿಳಿವಳಿಕೆ ಪತ್ರ ಬಂದಾಗ ಹೋಗದಿದ್ದವರು, ಸದಸ್ಯತ್ವದ ಹಣವನ್ನು ಕಟ್ಟದವರು, ನಿಬಂಧನೆಗಳ ಪುಸ್ತಕವನ್ನು ಒಮ್ಮೆಯೂ ಓದದವರು ಅಧಿಕಾರವನ್ನು ಕೇಳುವುದಕ್ಕೆ ಹಕ್ಕುಳ್ಳವರಲ್ಲ. ಕೇಳಿ ಪಡೆಯಬೇಕಾದುದು ಕುರ್ಚಿಯನ್ನಲ್ಲ, ಕೆಲಸವನ್ನು. ಲೆಕ್ಕ ಬರೆಯುವ ಕೆಲಸವನ್ನು ಕೇಳಿದವನಿಗೆ ಇಲ್ಲವೆನ್ನುವ ಕಾರ್ಯದರ್ಶಿಗೆ ಸಭೆಯ ಮುಂದೆ ಕಾರಣ ಹೇಳಬೇಕಾಗುತ್ತದೆ.

ಇಷ್ಟೆಲ್ಲ ಹೇಳುವುದು ಏಕೆಂದರೆ ಕಳೆದುಹೋಗುವುದು ಸಣ್ಣದಲ್ಲ. ಮುಂದಾಳು ಒಬ್ಬರೇ ಆಗಿದ್ದ ಸಂಘ ಅವರೊಡನೆಯೇ ಮುಗಿಯುತ್ತದೆ. ಮೊದಲು ಮಾಸಸಭೆ ನಿಲ್ಲುತ್ತದೆ, ಆಮೇಲೆ ಪತ್ರಿಕೆ, ಆಮೇಲೆ ಪುಸ್ತಕ ಭಂಡಾರದ ಬಾಗಿಲು. ಬೀರುವಿನ ಬೀಗದ ಕೈ ಯಾರ ಮನೆಯಲ್ಲಿದೆಯೆಂದು ತಿಳಿಯದಾಗುತ್ತದೆ. ಮೂವತ್ತು ವರ್ಷದ ನಡವಳಿಯ ಪುಸ್ತಕಗಳು, ಲೇಖಕರ ಕೈಬರಹದ ಪತ್ರಗಳು, ಮತ್ತೆಲ್ಲಿಯೂ ಸಿಕ್ಕದ ಸಂಚಿಕೆಗಳು ತೂಕಕ್ಕೆ ಮಾರಾಟವಾಗುತ್ತವೆ. ಎಷ್ಟೋ ಊರುಗಳಲ್ಲಿ ಹೀಗಾಗಿದೆ. ಆಗ ಆ ಊರಿನ ಹುಡುಗಿಯೊಬ್ಬಳು ಕವಿತೆ ಹಿಡಿದುಕೊಂಡು ಬಂದರೆ ಬಡಿಯುವುದಕ್ಕೆ ಬಾಗಿಲೇ ಇರುವುದಿಲ್ಲ.

ಈ ಜಿಲ್ಲೆಯಲ್ಲಿ ವರ್ಷವೆಲ್ಲ ಹರಿಯುವ ನದಿಯಿಲ್ಲ. ಹಿಂದಿನವರು ಕೆರೆಗಳನ್ನು ಕಟ್ಟಿ ಬದುಕಿದರು. ಕಟ್ಟುವಾಗ ಏರಿಯನ್ನು ಎಷ್ಟು ಶ್ರದ್ಧೆಯಿಂದ ಕಟ್ಟಿದರೋ ಕೋಡಿಯನ್ನೂ ಅಷ್ಟೇ ಶ್ರದ್ಧೆಯಿಂದ ಕಟ್ಟಿದರು. ಮೇಲಿನ ಕೆರೆ ತುಂಬಿ ಕೋಡಿ ಹರಿದರೆ ಕೆಳಗಿನ ಕೆರೆಗೆ ನೀರು; ಅದು ತುಂಬಿದರೆ ಅದರ ಕೆಳಗಿನದಕ್ಕೆ. ಕೋಡಿ ಹರಿದುದರಿಂದ ಮೇಲಿನ ಕೆರೆಗೆ ಅವಮಾನವಾಯಿತೆಂದು ಯಾವ ರೈತನೂ ತಿಳಿಯಲಿಲ್ಲ. ಅಂದು ಊರಿಗೆಲ್ಲ ಹಬ್ಬ. ಕೋಡಿಯನ್ನು ಮುಚ್ಚಿ ನೀರನ್ನೆಲ್ಲ ತಾನೇ ಇಟ್ಟುಕೊಳ್ಳುತ್ತೇನೆಂದ ಕೆರೆ ಉಳಿಯುವುದಿಲ್ಲ. ಏರಿ ಒಡೆದು ತಾನೂ ಬರಿದಾಗಿ ಕೆಳಗಿನ ಗದ್ದೆಯನ್ನೂ ಹಾಳುಮಾಡುತ್ತದೆ. ಈ ನಾಲ್ಕು ಊರುಗಳ ಸಾಹಿತ್ಯ ಸಂಘಗಳು ಮುಂದಿನ ಮಹಾಸಭೆಯನ್ನು ಕರೆಯುವಾಗ ಕಾರ್ಯಸೂಚಿಯ ಮೊದಲ ವಿಷಯವಾಗಿ ಸನ್ಮಾನವನ್ನು ಬರೆಯದೆ, ಕೋಡಿಯ ವಿಚಾರವನ್ನು ಬರೆಯಲಿ.